ಎಡಗಂಬ, ಬಲಗಂಬ

ವಿನೋದಿನಿಯಕ್ಕ ಯಾರ ಮನೆಗೆ ಬಂದರೂ ಬಾಗಿಲ ಚೌಕಟ್ಟನ್ನು ಎಡಗೈಯಿಂದೊಮ್ಮೆ, ಬಲಗೈಯಿಂದೊಮ್ಮೆ ಮುಟ್ಟಿಯೇ ಒಳಗೆ ಕಾಲಿಡುತ್ತಾರೆ. ಕಡಲಾಚೆಯ ಈ ಕ್ಯಾಸಲ್‌ನಾಕ್ ಬಡಾವಣೆಯ ಕನ್ನಡದವರು ನಾವೆಲ್ಲ ಅದನ್ನು ಯಾವುದೋ ಶಾಸ್ತ್ರ ಅಂದುಕೊಂಡಿದ್ದೆವು.

"ಶಾಸ್ತ್ರನೂ ಇಲ್ಲ, ಮಣ್ಣೂ ಇಲ್ಲ ಅರ್ಪಿತಾ," ಎಂದು ನಕ್ಕರು, ಒಂದು ದಿನ ನಾನು ಕೇಳಿದಾಗ. "ಗೋಲ್‌ಕೀಪರ್ ಹಿಂದೆ ತಿರುಗಿ ನೋಡೋ ಹಾಗಿಲ್ಲ. ಗೋಲಿನ ಎರಡು ಕಂಬ ಮುಟ್ಟಿದ್ರೆ ಎಲ್ಲಿ ನಿಂತಿದ್ದೀನಿ ಅಂತ ಗೊತ್ತಾಗುತ್ತೆ. ಆಟ ಹೋಯ್ತು, ಚಟ ಉಳೀತು."

ಅವರು ವಾಟರ್‌ಫರ್ಡ್‌ನಲ್ಲಿ ಬೆಳೆದವರು; ತಂದೆ ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು. ಐಸ್ ಹಾಕಿಯ ಹುಚ್ಚು ಹತ್ತಿತು, ಊರಲ್ಲಿ ಐಸೇ ಇಲ್ಲ. ಶಾಲೆಯ ಹಾಲ್‌ನಲ್ಲಿ ಚಕ್ರದ ಬೂಟು ಕಟ್ಟಿ ಕಲಿತರು. ರಜೆ ಬಂದರೆ ಬಸ್ಸು ಹಿಡಿದು, ಐಸಿನ ಅಂಗಳವಿದ್ದ ಬೆಲ್‌ಫಾಸ್ಟ್‌ಗೆ. ಕಿಟಕಿಗೆ ಹಣೆಯಾನಿಸಿ ಕಣ್ಣು ಮುಚ್ಚಿದರೆ ಹೊರಗಿನ ಹೊಲಗಳೆಲ್ಲ ಬೆಳ್ಳಗೆ ಹೆಪ್ಪುಗಟ್ಟಿ, ಬಸ್ಸೇ ಅವುಗಳ ಮೇಲೆ ಸದ್ದಿಲ್ಲದೆ ಜಾರುತ್ತಿತ್ತಂತೆ. ಹಾಗೆ ಜಾರುತ್ತಲೇ ದೇಶದ ತಂಡದ ಗೋಲಿನವರೆಗೂ ಹೋದರು. ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟರು. ಈಗ ಒಂದು ಕ್ರೀಡಾ ಸಂಸ್ಥೆಯಲ್ಲಿ ಹುಡುಗಿಯರ ಹಾಕಿಗೆ ನಿರ್ದೇಶಕಿ. ಯಾರ್ಯಾರನ್ನೋ ಕಾಡಿ ಬೇಡಿ, ಈ ಚಳಿಗಾಲಕ್ಕೆ ದೊಡ್ಡ ಡೇರೆಯೊಳಗೆ ಐಸಿನ ಅಂಗಳ ಹಾಕಿಸಿದ್ದಾರೆ.

ಅಲ್ಲಿ ನನ್ನ ಮಗಳು ಪ್ರೇರಣಾ ಗೋಲಿಗೆ ನಿಲ್ಲಬೇಕಂತೆ. ನನ್ನ ಕಣ್ಣೆದುರು ಬರೀ ಒಡೆದ ಹಲ್ಲು, ಮುರಿದ ಮಣಿಕಟ್ಟು. ಕರೆದುಕೊಂಡು ಹೋಗಿದ್ದೇನೋ ಹೌದು, ಮನಸ್ಸು ಮಾತ್ರ ವಾಪಸಾಗುವ ನೆಪ ಹುಡುಕುತ್ತಿತ್ತು.

"ಅಕ್ಕಾ, ಇವಳಿಗೆ ಸ್ವಲ್ಪ ಕೆಮ್ಮು. ಇವತ್ತು ಬೇಡ, ಬಿದ್ದುಬಿಡ್ತಾಳೆ."

"ಗ್ರ್ಯಾಂಡಾಗಿ ಬೀಳ್ಲಿ. ಮೊದಲ ದಿನ ಬೀಳೋದೇ ಪಾಠ. ಅಮ್ಮಂದಿರು ಮೊದಲು. ಬಾ."

"ನಾನಾ? ನನ್ನ ಸೊಂಟ..."

"ಸೊಂಟಕ್ಕೂ ಕೆಮ್ಮಾ?"

ಬೂಟು, ಮಂಡಿಗೆ ಮೆತ್ತೆ, ತಲೆಗೆ ಹೆಲ್ಮೆಟ್ಟು. ಅವರ ಕೈ ಹಿಡಿದು ಗೋಲಿನವರೆಗೆ ಜಾರಿದೆ. ಅಲ್ಲಿ ಕೈ ಬಿಟ್ಟರು, ದೊಪ್ಪನೆ ಮಂಡಿಯೂರಿದೆ. ಐಸಿನೊಳಗೆ ದೀಪಗಳು ತೇಲುತ್ತಿದ್ದವು, ನನ್ನುಸಿರು ಅವುಗಳ ಮೇಲೆ ಮೋಡವಾಗಿ ಹರಡಿತು. ಇಷ್ಟು ಹೆದರಿದ್ದ ಜಾಗ ಇಷ್ಟೊಂದು ನಿಶ್ಶಬ್ದವೇ? ಎದ್ದು, ಹಿಂದೆ ನೋಡದೆ ಕೈ ಚಾಚಿದೆ. ಎಡಗಂಬ. ಬಲಗಂಬ.

"ಅಮ್ಮಾ, ಮೈ ಟರ್ನ್!"

ಗೋಲಿನ ಬಲೆಯ ಹಿಂದೆ, ಅಂಗಳದ ಸುತ್ತಲಿನ ಹಲಗೆಗೆ ಆತುಕೊಂಡು ನಿಂತೆ. ಪ್ರೇರಣಾ ಬಂದವಳೇ ಬಿದ್ದಳು. ಎದ್ದಳು. ಅವಳ ಪುಟ್ಟ ತೋಳುಗಳಿಗೆ ಎರಡೂ ಕಂಬ ಒಟ್ಟಿಗೆ ಎಟುಕಲಿಲ್ಲ. ಎಡಕ್ಕೆ ಜಾರಿ ಒಂದನ್ನು ಮುಟ್ಟಿದಳು, ಬಲಕ್ಕೆ ಜಾರಿ ಇನ್ನೊಂದನ್ನು. ಹೆಸರು ಕೂಗಲು ಬಾಯಿ ತೆರೆದೆ, ಕೂಗಲಿಲ್ಲ. ಕೂಗಿದರೆ ಹಿಂದೆ ತಿರುಗಿ ನೋಡಿಬಿಡುತ್ತಾಳೆ.