ನಡುವಿನದಕ್ಕೆ ಬಿದ್ದ ಉಪ್ಪು

ಹಟ್ಟಿಕೇರಿಯ ಬೊಮ್ಮು ಗೌಡನಿಗೆ ಅಕ್ಷರ ಬರುತ್ತಿರಲಿಲ್ಲ, ಬೆಳಕು ಬರುತ್ತಿತ್ತು. ಟೆಂಟು ಸಿನೆಮಾದವರಿಗೆ ಗೂಟ ಹೊಡೆಯಲು ಹೋದವನು ಎರಡೇ ವರ್ಷದಲ್ಲಿ ಅವರ ಯಂತ್ರದ ದೀಪ ಕಾಯುವವನಾದ. ಆ ದೀಪಕ್ಕೆ ಎಣ್ಣೆಯಿಲ್ಲ, ಬತ್ತಿಯಿಲ್ಲ. ವಿದ್ಯುತ್ತು ಹರಿಯುವ ಎರಡು ಇದ್ದಿಲ ಕಡ್ಡಿಗಳ ತುದಿಗಳನ್ನು ತಾಗಿಸಿ ಭತ್ತದ ಕಾಳಿನಷ್ಟು ದೂರ ಸರಿಸಿದರೆ ನಡುವೆ ಕಣ್ಣು ಕೋರೈಸುವ ಬೆಳಕು. ಮೊದಲ ದಿನ ಅದು ಮಂಕಾದಾಗ ಬೊಮ್ಮು ಒಲೆಗೆ ಊದಿದಂತೆ ಊದಿದ್ದ. ದೀಪ ಆರಿಯೇ ಹೋಗಿತ್ತು.

ಯಂತ್ರ ನಡೆಸುವ ಕಾರವಾರದ ಪುಂಡಲೀಕ ಹೊಟ್ಟೆ ಹಿಡಿದು ನಕ್ಕು, ಆಮೇಲೆ ತಿಳಿಸಿ ಹೇಳಿದ. ಅದು ಬರಿ ಬೆಂಕಿಯಲ್ಲ. ಗಾಳಿ ವಿಪರೀತ ಕಾದು, ಅದರ ಕಣಗಳೇ ಒಡೆದು, ತಂತಿಯ ಹಾಗೆ ವಿದ್ಯುತ್ತನ್ನು ದಾಟಿಸುತ್ತದೆ. ಆಕಾಶದ ಮಿಂಚೂ ಅದೇ. ಮುಂಬಯಿಯಲ್ಲಿ ಹಡಗಿನ ಕಬ್ಬಿಣ ಬೆಸೆಯುವುದೂ ಅದರಿಂದಲೇ. ಬೊಮ್ಮು ಅದಕ್ಕೆ ‘ನಡುವಿನದು’ ಎಂದು ಹೆಸರಿಟ್ಟ. ಓದಿದವರಿಗೂ ಅಷ್ಟು ಚೆಂದದ ಹೆಸರು ಹೊಳೆಯಲಿಕ್ಕಿಲ್ಲ.

ಕಂಪನಿಯ ಧಣಿ ಮಾತ್ರ ಮುಂಗೋಪಿ. ಇನ್ನೊಮ್ಮೆ ಪರದೆಯ ಮೇಲಿನ ಚಿತ್ರ ಕೆಟ್ಟರೆ ಗೂಟ ಹೊಡೆಯುವುದಕ್ಕೂ ನೀನು ಬೇಡ ಎಂದು ಬೊಮ್ಮುವಿಗೆ ಎಚ್ಚರಿಕೆ ಕೊಟ್ಟಿದ್ದ. ಅದೇ ವಾರ ಟೆಂಟು ಹಟ್ಟಿಕೇರಿಗೆ ಹತ್ತಿರದ ಅಂಕೋಲೆಗೆ ಬಂತು.

ಮಗನ ಕೆಲಸ ನೋಡಲು ತಾಯಿ ಹೊನ್ನಿ ಸಂಜೆಯ ಆಟಕ್ಕೆ ಬಂದು ಯಂತ್ರದ ಪಕ್ಕದಲ್ಲೇ ನಿಂತಳು. ಜನ ಪರದೆಗಿಂತ ಬೊಮ್ಮುವನ್ನೇ ಬಾಯಿ ಬಿಟ್ಟು ನೋಡುತ್ತಿದ್ದರು. ದೃಷ್ಟಿ ತಾಗೀತೆಂದು ಹೊನ್ನಿ ಸೀರೆಯ ಗಂಟಿನಿಂದ ಉಪ್ಪು ತೆಗೆದು ಮಗನಿಗೆ ಮೂರು ಸುತ್ತು ಇಳಿಸಿದಳು. ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕಬೇಕು. ಇಲ್ಲಿ ಒಲೆ ಎಲ್ಲಿದೆ? ಕಡ್ಡಿ ಸರಿಪಡಿಸಲು ಬೊಮ್ಮು ದೀಪದ ಪೆಟ್ಟಿಗೆಯ ಬಾಗಿಲು ತೆರೆದದ್ದೇ ತಡ, ಒಳಗೆ ಎಸೆದೇಬಿಟ್ಟಳು. ಚಟಪಟ ಎಂದಿತು. ಪರದೆಯೆಲ್ಲ ಅರಿಶಿನ ಬಣ್ಣವಾಯಿತು.

ಧಣಿ ಓಡಿಬಂದ. ಬೊಮ್ಮು ಅವ್ವೆಯ ಹೆಸರು ಎತ್ತದೆ, ತನ್ನ ಕೈ ತಪ್ಪಿತೆಂದ.

ಹೊನ್ನಿ ಮುಂದೆ ಬಂದಳು. “ಅವ್ನ ತಪ್ಪಲ್ಲ ಒಡ್ಯಾ. ದೃಷ್ಟಿ ತಾಗ್ತದೆ ಹೇಳಿ ನಾನೇ ಉಪ್ಪು ಹಾಕ್ದೆ.”

ಪುಂಡಲೀಕ ಪರದೆಯಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಕಡಲ ಮೇಲೆ ಬೆಳಗಿನ ಸೂರ್ಯ ಏಳುತ್ತಿದ್ದ, ಹಳದಿಯಾಗಿ. ಉಪ್ಪು ಕೂಡ ನಡುವಿನದರಲ್ಲಿ ಒಡೆದು ತನ್ನ ಬಣ್ಣ ಕೊಡುತ್ತದೆ, ಬೇರೆ ಕಡೆ ಬಣ್ಣ ಬರಲೆಂದೇ ಇಂಥ ಲವಣಗಳನ್ನು ಕಡ್ಡಿಗೆ ಸೇರಿಸುತ್ತಾರೆ ಎಂದು ಅವನು ಹೇಳುತ್ತಿದ್ದಂತೆ ಟೆಂಟಿನ ತುಂಬ ಚಪ್ಪಾಳೆ ಬಿತ್ತು. ಕಪ್ಪು ಬಿಳುಪಿನ ಚಿತ್ರದಲ್ಲಿ ಬಂಗಾರದ ಬಿಸಿಲನ್ನು ಅಂಕೋಲೆ ಎಂದೂ ಕಂಡಿರಲಿಲ್ಲ.

ಚಪ್ಪಾಳೆ ನಿಂತ ಮೇಲೆ ಧಣಿ ಹೊನ್ನಿಯ ಕಡೆ ತಿರುಗಿದ.

“ನಾಳೆನೂ ಉಪ್ಪು ತಕಂಡು ಬಾ. ಸೂರ್ಯ ಹುಟ್ಟೂಕೆ ಮೊದ್ಲೇ ಬಾ.”