ತಂತಿ ಕಿತ್ತ ಮೇಲೆ ಬಡಿದ ಗಂಟೆ

ಇದನ್ನು ಬರೆಯಲು ಎಷ್ಟೋ ಸಲ ಕೂತು, ಏನೋ ನೆಪ ಹುಡುಕಿ ಎದ್ದಿದ್ದೇನೆ. ಇನ್ನು ಮುಂದಕ್ಕೆ ಹಾಕುವ ವಯಸ್ಸಲ್ಲ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಕತೆ ಕಟ್ಟುವ ವಿದ್ಯೆ ಗೊತ್ತಿಲ್ಲ. ಪಾಂಡವಪುರದ ನಮ್ಮ ಮನೆಯಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೂ ನನ್ನ ತಮ್ಮ ರಮೇಶನೂ ಮನೆ ಭಾಗ ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದೆವು. ಭಾಗವಾಗದೆ ಉಳಿದದ್ದು ಟೆಲಿಫೋನ್ ಮಾತ್ರ. ಹೊಸ ಕನೆಕ್ಷನ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು. ಅದಕ್ಕೆ ಗೋಡೆಯಲ್ಲಿ ತೂತು ಕೊರೆದು ಅವನ ಕಡೆಗೊಂದು ಪ್ಯಾರಲಲ್ ಎಳೆದಿದ್ದೆವು. ಒಂದೇ ಲೈನು, ಎರಡು ಫೋನು.

ರಮೇಶ ಟೀವಿ ರಿಪೇರಿ ಮಾಡುತ್ತಿದ್ದ. ಮೈಸೂರಿನಿಂದ ಹಳೆಯ ಕಂಪ್ಯೂಟರೊಂದನ್ನು ತಂದು ರಿಪೇರಿ ಮಾಡಿ, ರಾತ್ರಿ ಫೋನ್ ಚಾರ್ಜು ಕಾಲು ರೇಟಿಗೆ ಇಳಿದ ಮೇಲೆ ಫೋನ್ ಲೈನಿಗೆ ಹಚ್ಚುತ್ತಿದ್ದ. ಬೆಳಗಿನವರೆಗೂ ಅದು ಓಡುತ್ತಿತ್ತು. ಬೇರೆಯವರ ವೆಬ್ ಪುಟ ಎಲ್ಲೋ ದೂರದ ಕಂಪನಿಯ ಮೆಷಿನ್ನಿನಲ್ಲಿ ಇರುತ್ತದಂತೆ, ಇವನದು ಇವನ ಕೋಣೆಯಲ್ಲೇ.

"ಯಾವ್ ದೇಸ್ದೋರು ಬೇಕಾದ್ರೂ ಬಂದು ನೋಡ್ಕಂಡು ಓಗ್ಬೋದು ಕಣಣ್ಣ. ಈ ರೂಮಿಗೇ ಬರ್ತಾರೆ" ಎಂದಿದ್ದ.

"ರಾತ್ರಿವೊತ್ನಲ್ಲಿ ಯಾರ್ಯಾರ್ನೋ ಮನೆ ಒಳಕ್ಕೆ ಬುಟ್ಕತೀಯಲ್ಲ, ತಲೆ ನೆಟ್ಟಗೈತೇನ್ಲಾ?"

ಅವನು ನಕ್ಕುಬಿಟ್ಟ. ಯಾರಾದರೂ ಪುಟಕ್ಕೆ ಬಂದರೆ 'ಟಿಣ್' ಅಂತ ಒಂದು ಗಂಟೆ ಬಡಿಯುವ ಹಾಗೆ ಮಾಡಿಟ್ಟಿದ್ದ. ಬಡಿಯುತ್ತಿದ್ದದ್ದು ಅಪರೂಪ.

ಆ ಪುಟದಲ್ಲಿ ಇದ್ದದ್ದು ನಮ್ಮ ಅವ್ವನ ಫೋಟೋ. ಕೆಳಗೆ, ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಬಾರದೆ ಕೈಯಲ್ಲೇ ಬರೆದು ಚಿತ್ರ ಮಾಡಿ ಹಾಕಿದ್ದು: "ಅಕ್ಕ, ಅವ್ವ ತೀರಿಕೊಂಡಳು. ಎಲ್ಲಿದ್ದರೂ ಫೋನ್ ಮಾಡು." ಜೊತೆಗೆ ನಮ್ಮ ನಂಬರು. ಪುಣೆಯಲ್ಲಿರುವ ಕನ್ನಡದವರ ಇ-ಮೇಲ್ ವಿಳಾಸಗಳನ್ನು ಹೇಗೋ ಸಂಪಾದಿಸಿ, ಪುಟ ಎಲ್ಲಿ ಸಿಗುತ್ತದೆಂದು ದಿನಾ ರಾತ್ರಿ ತಿಳಿಸುತ್ತಿದ್ದ.

ಯಾಕೆಂದರೆ ನನ್ನ ತಂಗಿ, ರಮೇಶನಿಗೆ ಅಕ್ಕ, ಬೇರೆ ಜಾತಿಯವನನ್ನು ಮದುವೆಯಾಗಿ ಪುಣೆ ಕಡೆ ಹೋಗಿದ್ದಳು. ಗಂಡನ ಕಡೆಯವರು ಅಕ್ಕಿಹೆಬ್ಬಾಳಿನಲ್ಲಿದ್ದರು. ಅವ್ವ ಸತ್ತಾಗ ಒಬ್ಬನನ್ನು ಬಸ್ಸು ಹತ್ತಿಸಿದ್ದರೆ ಅವಳಿಗೆ ಸುದ್ದಿ ಮುಟ್ಟುತ್ತಿತ್ತು. ನಾನು ಹೇಳಿ ಕಳಿಸಲಿಲ್ಲ. ಹೊರಟಿದ್ದ ರಮೇಶನನ್ನೂ ತಡೆದೆ. ಆಮೇಲೆ ಅವನು ಹೋಗುವ ಹೊತ್ತಿಗೆ ಆ ಮನೆಗೆ ಬೀಗ ಬಿದ್ದಿತ್ತು.

ನನಗೆ ರಮೇಶನ ಮೇಲೆ ಅನುಮಾನ. ಅವಳನ್ನು ಕರೆಸಿ ಆಸ್ತಿಯಲ್ಲಿ ಪಾಲು ಕೇಳಿಸುತ್ತಾನೆ, ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಅಂತ. ರಾತ್ರಿ ಮೆಲ್ಲಗೆ ರಿಸೀವರ್ ಎತ್ತಿ ಕದ್ದು ಕೇಳುತ್ತಿದ್ದೆ. ಕರ್ರೋ ಎಂಬ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ನಾನು ಎತ್ತಿದರೆ ಅವನ ಸಂಪರ್ಕ ಕಡಿದುಹೋಗುತ್ತಿತ್ತು. ಅವನು ಬೈಯದೆ ಮತ್ತೆ ಹಚ್ಚುತ್ತಿದ್ದ.

ಒಂದು ದಿನ ಅವನೂ ಅವನ ಹೆಂಡತಿಯೂ ಬೀಗರೂಟಕ್ಕೆ ಶೀಳನೆರೆಗೆ ಹೋದರು. ರಾತ್ರಿ ತಾನೇ ಲೈನು ಹಿಡಿಯುವ ಹಾಗೆ ಮೆಷಿನ್ ಓಡಿಸಿಟ್ಟು ಬೀಗದ ಕೈ ನನಗೆ ಕೊಟ್ಟ. "ಇವತ್ತೊಂದಿನ ರಾತ್ರಿ ಫೋನ್ ಎತ್ಬ್ಯಾಡ ಕಣಣ್ಣ, ಕಡ್ದೋದ್ರೆ ಮತ್ತೆ ಜೋಡ್ಸಾಕೆ ನಾನಿರಾಕಿಲ್ಲ" ಎಂದ. ಅಂದರೆ... ಇವತ್ತು ಏನೋ ಇದೆ, ಅಂದುಕೊಂಡೆ.

ರಾತ್ರಿ ಗೋಡೆಯಾಚೆ ಟಿಣ್ ಅಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್... ಮತ್ತೆ...

ಬೀಗ ತೆಗೆದು ಒಳಗೆ ಹೋದೆ. ಕತ್ತಲೆ ಕೋಣೆ, ಕಾದ ಧೂಳಿನ ವಾಸನೆ. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಕೆಂಪು ದೀಪಗಳು ಒಂದೇ ಸಮನೆ ಮಿಣುಕುತ್ತಿದ್ದವು. ಕಂಪ್ಯೂಟರಿನ ಡಬ್ಬದೊಳಗೆ ಏನೋ ಕರಕರ ಕೆರೆಯುತ್ತಿತ್ತು. ಟಿಣ್. ಯಾರೋ ಒಬ್ಬರೇ ಹೋಗುವುದು, ತಿರುಗಿ ಬರುವುದು ಮಾಡುತ್ತಿರುವ ಹಾಗಿತ್ತು.

ಫೋನಿನ ತಂತಿಯನ್ನು ಮೋಡೆಮ್ಮಿನಿಂದ ಕಿತ್ತೆ.

ಕೆಂಪು ದೀಪ ಒಂದನ್ನು ಬಿಟ್ಟು ಎಲ್ಲ ಆರಿದವು. ನಿಶ್ಶಬ್ದ. ದೂರದ ನಾಲೆಯಲ್ಲಿ ಕಪ್ಪೆಗಳು...

ಟಿಣ್.

ತಂತಿ ನನ್ನ ಕೈಯಲ್ಲೇ ಇತ್ತು. ಆಗಲೇ ಮೂಗಿಗೆ ಬಡಿದದ್ದು, ಅವ್ವ ಇದ್ದಾಗ ಮನೆಯಲ್ಲಿ ಬರುತ್ತಿದ್ದಂಥ, ಸೀಗೆಕಾಯಿ ಹಾಕಿ ತೊಳೆದ ಒದ್ದೆ ತಲೆಗೂದಲ ವಾಸನೆ. ಬೆನ್ನ ಹಿಂದೆಯೇ. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಅವನ ಫೋನು ಹೊಡೆದುಕೊಂಡಿತು. ಎತ್ತಿದೆ. ಬಹಳ ದೂರದ ಲೈನಿನಲ್ಲಿ ಕೇಳುವಂಥ ಗೊರಗೊರ. ಆಮೇಲೆ ಒಂದು ಹೆಂಗಸಿನ ದನಿ, ಮೆಲ್ಲಗೆ.

"ಅಣ್ಣಯ್ಯ... ಅವ್ವನ್ ಕೈಗೆ ಕೊಡು."

ಪುಟವನ್ನು ಓದಿದ್ದರೆ ಅವ್ವ ಇಲ್ಲವೆಂದು ಅವಳಿಗೆ ಗೊತ್ತಿರಬೇಕು. ಓದದಿದ್ದರೆ ನಮ್ಮ ನಂಬರು ಎಲ್ಲಿ ಸಿಕ್ಕಿತು? ಅವಳು ಹೋದಾಗ ಮನೆಯಲ್ಲಿ ಫೋನೇ ಇರಲಿಲ್ಲ. ನಾನು ಹಲೋ ಅಂತಲೂ ಅಂದಿರಲಿಲ್ಲ, ಎತ್ತಿದವನು ನಾನೆಂದು ಹೇಗೆ ತಿಳಿಯಿತು? ರಮೇಶನೇ ಯಾರಿಂದಲೋ ಆಟ ಆಡಿಸುತ್ತಿದ್ದಾನೆ... ಭಯದಲ್ಲೂ ನನ್ನ ಬುದ್ಧಿ ಓಡಿದ್ದು ಅಲ್ಲಿಗೆ.

"ರಾಂಗ್ ನಂಬರು" ಎಂದು ಇಟ್ಟುಬಿಟ್ಟೆ.

ಮತ್ತೆ ಹೊಡೆದುಕೊಳ್ಳಲಿಲ್ಲ. ವಾಸನೆ ಯಾವಾಗ ಹೋಯಿತೋ ತಿಳಿಯದು. ತಂತಿಯನ್ನು ಮೊದಲಿದ್ದ ಹಾಗೆ ಸಿಕ್ಕಿಸಿ ಹೊರಗೆ ಬಂದು ಜಗುಲಿಯಲ್ಲಿ ಬೆಳಕು ಹರಿಯುವವರೆಗೆ ಕೂತೆ.

ರಮೇಶ ಬಂದವನೇ ಕೇಳಿದ, "ಯಾರಾದ್ರೂ ಫೋನ್ ಮಾಡಿದ್ರಾ ಅಣ್ಣ?"

"ಇಲ್ಲ ಕಣ್ಲಾ."

ಅವನು ನನ್ನ ಮುಖವನ್ನೇ ನೋಡಿದ. ಆಟ ಆಡಿಸಿದವನ ಕಣ್ಣು ಹಾಗಿರುವುದಿಲ್ಲ. ನಾನು ಸುಮ್ಮನೆ ಕುತೂಹಲದವನ ಹಾಗೆ, ತಂತಿ ಕಿತ್ತ ಮೇಲೂ ಗಂಟೆ ಬಡಿಯುತ್ತದಾ ಎಂದು ಕೇಳಿದೆ.

"ತಂತಿ ಇಲ್ದೆ ಎಂಗಣ್ಣ ಬಂದಾರು?" ಎಂದು ನಕ್ಕ. ಸ್ವಲ್ಪ ಯೋಚಿಸಿ, "ಬರ್ಬೇಕು ಅಂದ್ರೆ ಮನೆ ಒಳ್ಗಿಂದ್ಲೇ ಬರ್ಬೇಕು" ಎಂದ.

ಇನ್ನೂ ಹಲವು ತಿಂಗಳು ಅವನು ಆ ಮೆಷಿನ್ ಓಡಿಸಿದ. ನಾನು ಮತ್ತೆ ಯಾವ ರಾತ್ರಿಯೂ ರಿಸೀವರ್ ಮುಟ್ಟಲಿಲ್ಲ. ಯಾರ ಫೋನೂ ಬರಲಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಈವತ್ತಿಗೂ ನಮಗೆ ಗೊತ್ತಿಲ್ಲ. ಅವತ್ತು ಮಾತಾಡಿದವಳು ಅವಳೇ ಆಗಿದ್ದರೆ ತಮ್ಮನ ಅಷ್ಟು ರಾತ್ರಿಗಳ ಕಾಯುವಿಕೆಯನ್ನು ನಾನು ಒಂದೇ ಮಾತಿನಲ್ಲಿ ಕೊಂದೆ. ಅವಳಲ್ಲದಿದ್ದರೆ... ಅದನ್ನು ಯೋಚಿಸಲು ಈಗಲೂ ಹೆದರುತ್ತೇನೆ.

ರಮೇಶನಿಗೆ ಇದನ್ನು ಹೇಳಿಲ್ಲ. ಓದಿದರೆ ತಿಳಿಯುತ್ತದೆ, ಬೈದರೆ ಬೈಯಲಿ. ಆದರೆ ಕ್ಷಮೆ ಕೇಳಬೇಕಾದದ್ದು ಅವನನ್ನಲ್ಲ. ಆ ರಾತ್ರಿ ನಾನು "ಅವ್ವ ಓಗ್ಬುಟ್ಲು ಕಣವ್ವ, ನಂದು ತಪ್ಪಾಯ್ತು" ಎಂದು ಹೇಳಬೇಕಾಗಿದ್ದದ್ದು ನನ್ನ ತಂಗಿಗೆ, ಪುಟ್ಟತಾಯಮ್ಮನಿಗೆ.