ಫಕೀರಪ್ಪನ ನೋಗ್ಲಿ

ಅವತ್ತು ನಮ್ಮನೆಯವರು ಮೂರು ಸಲ ಕಡಲಿಗೆ ಹೊರಟರು. ಮೂರು ಸಲವೂ ಜಗಲಿಗೇ ಬಂದು ಮುಟ್ಟಿದರು.

ತಪ್ಪು ಫಕೀರಪ್ಪನದು. ಅವನು ಹುಬ್ಬಳ್ಳಿಯ ಒಣಮೀನು ವ್ಯಾಪಾರಿ. ಹೊನ್ನಾವರಕ್ಕೆ ಬಂದಾಗಲೆಲ್ಲ ಚೀಲ ತುಂಬಿಕೊಂಡು ಸಂಜೆ ಬಸ್ಸಿಗೆ ಹೋಗಿಬಿಡುತ್ತಿದ್ದ. ಹಸಿ ಮೀನಿನ ರುಚಿ ಕಂಡವನಲ್ಲ. ಅರವತ್ತೆರಡನೇ ಇಸವಿಯಲ್ಲಿ ನಮ್ಮವರು ಪೇಟೆಯಲ್ಲಿ ಹತ್ತು ಜನರೆದುರು ಅವನಿಗೆ ಮಾತು ಕೊಟ್ಟರು.

"ನಮ್ಮನೆಗೆ ಬಾ. ನಾ ಹಿಡ್ದ ನೋಗ್ಲಿ ತಿನ್ನಿಸ್ತೆ. ಆಮೇಲೆ ನೀ ಒಣಮೀನು ಮುಟ್ಟಿದ್ರೆ ನನ್ನ ಹೆಸ್ರು ಜಟ್ಟ ಅಲ್ಲ."

ನೋಗ್ಲಿ ಕೋಲಿನಂಥ ಉದ್ದ ಮೀನು. ಬಾಯಿಗಿಟ್ಟರೆ ಬೆಣ್ಣೆ.

ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಅವನು ತಿರುಗಿ ಬಂದು, ಜಗಲಿಯಲ್ಲಿ ಕೂತು, ಒಂದು ಚೊಂಬು ನೀರು ಕುಡಿದು ಮತ್ತೆ ಹೊರಡಬೇಕು. ನಮ್ಮ ಕೇರಿಯ ಬೆಕ್ಕಿಗೂ ಇದು ಗೊತ್ತು. ಹಿಂದಿನ ರಾತ್ರಿ ನಮ್ಮಲ್ಲಿ ಬಂದು ಉಳಿದಿದ್ದ ಹುಬ್ಬಳ್ಳಿಯವನಿಗೆ ಗೊತ್ತಿರಲಿಲ್ಲ. ಹೊರಡುವ ಹೊತ್ತಿನಲ್ಲಿ ಅದನ್ನು ಬಿಡಿಸಿ ಹೇಳುವುದೂ ಅಪಶಕುನವೇ.

"ಎಲ್ಲಿಗೆ ಹೊಂಟ್ರಿ, ಜಟ್ಟಪ್ಪಣ್ಣಾರ?"

ತಿರುಗಿ ಬಂದರು. ಚೊಂಬು ಕೊಟ್ಟೆ. ಕುಡಿದರು. ಹೊರಟರು.

"ಅಲ್ರೀ, ಈಗ ಬಂದ್ರಿ, ಮತ್ತೆಲ್ಲಿಗೆ ಹೊಂಟ್ರಿ?"

ಮತ್ತೆ ಚೊಂಬು. ನಾನು ಫಕೀರಪ್ಪನ ಕಡೆ ಕಣ್ಣು ಕೆಂಪು ಮಾಡಿದೆ. ಅವನು ನನಗೆ ಕೈಮುಗಿದ.

ಮೂರನೇ ಸಲ ನಮ್ಮವರು ಹಿತ್ತಿಲ ಬೇಲಿ ಹಾರಿದರು. ಫಕೀರಪ್ಪ ಅಲ್ಲೇ ಹಲ್ಲುಜ್ಜುತ್ತಿದ್ದ. ಬಾಯಲ್ಲಿ ಇದ್ದಿಲು ಇಟ್ಟುಕೊಂಡೇ ಕೇಳಿದ.

"ಹೊಟ್ಟೆಲಿ ಅರ್ಧ ಕಡಲು ತುಂಬ್ಕಂಡದೆ ಮಾರಾಯ, ಇನ್ನು ಕುಡೂಕಾಗ್ತಿಲ್ಲ" ಎಂದು ನಮ್ಮವರು ಜಗಲಿಯಲ್ಲಿ ಮಲಗಿಬಿಟ್ಟರು. ದೋಣಿಯ ಇನ್ನಿಬ್ಬರು ಕಾದು ಸಾಕಾಗಿ ಹೋಗಿಯಾಗಿತ್ತು.

ಮನೆಯಲ್ಲಿ ನೆಂಟ, ಒಲೆಯಲ್ಲಿ ಬೆಂಕಿ. ಮೀನಿಲ್ಲ. ಕೊಳ್ಳುವ ಹಾಗೂ ಇಲ್ಲ. ಮೀನು ಹಿಡಿಯುವವನ ಹೆಂಡತಿ ಮೀನು ಕೊಂಡರೆ ಕೇರಿಯಲ್ಲಿ ತಲೆ ಎತ್ತುವುದು ಹೇಗೆ? ಪಕ್ಕದ ಮನೆಯ ಮಂಜಿ ಬುಟ್ಟಿ ಹೊತ್ತು ಬೇಕೆಂದೇ ನಮ್ಮ ಅಂಗಳದಲ್ಲಿ ನಿಂತಳು.

"ನಾಗಕ್ಕಾ, ನೋಗ್ಲಿ ಬೇಕೇನೇ? ನಿನ್ನ ಗಂಡಂಗೆ ಜಗಲಿಲಿ ಎಂತ ಸಿಕ್ತು?"

"ನಿನ್ನ ನಾಲಗೆ ಸಿಕ್ತು. ಉಪ್ಪು ಹಾಕಿ ಒಣಗ್ಸಬೇಕು. ನಡೆ."

ಇಳಿತ ಬಂದ ಮೇಲೆ ಗಂಡಸರಿಬ್ಬರೂ ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಕೆಸರಿಗಿಳಿದು ಬಳಚು ಹೆಕ್ಕಿ ತಂದರು. ಚಿಪ್ಪಿನ ಸಮೇತ ಬೇಯಿಸಿ ಕಾಯಿ ಹಾಕಿದೆ. ಫಕೀರಪ್ಪ ಮೊದಲನೆಯದನ್ನು ಚಿಪ್ಪಿನೊಂದಿಗೇ ಕಡಿದ. ಹಲ್ಲು ಉಳಿಯಿತು. ಆಮೇಲೆ ಕಲಿತ. ಎಲೆಯ ಪಕ್ಕ ಚಿಪ್ಪಿನ ಗುಡ್ಡ ಎದ್ದಿತು.

"ನೋಗ್ಲಿ ಅಂದ್ರ ಇದ ಏನ್ರಿ, ಅಕ್ಕಾರ?"

ನಾನು ಹೂಂ ಅನ್ನುವವಳಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಅವನು ಸಂಜೆ ಬಸ್ಸು ಹತ್ತುತ್ತಿದ್ದ. ನಮ್ಮವರು ಬಿಡಲಿಲ್ಲ.

"ಅಲ್ಲ. ಅದು ನಾಳೆ. ನೀ ಬಾಯಿ ಮುಚ್ಕಂಡಿದ್ರೆ ಆತು."

ಕೇಳಬಾರದ ಮಾತು ಯಾವುದೆಂದು ಆಗ ಹೇಳಿದರು. ಫಕೀರಪ್ಪ ಕೆನ್ನೆ ಬಡಿದುಕೊಂಡ.

ಮರುದಿನ ಬೆಳಗ್ಗೆ ಅವನು ಗೋಡೆಗೆ ಮುಖ ಮಾಡಿ, ಎರಡೂ ಕೈಯಿಂದ ಬಾಯಿ ಮುಚ್ಚಿ ಕೂತಿದ್ದ. ಅದನ್ನು ನೋಡಿ ನಮ್ಮವರು ನಗುತ್ತ ನಗುತ್ತ ಹೋದರು.

ಗಾಳಿ ಜೋರಿತ್ತು. ಅಂಥ ದಿನ ನಾನೇ ಬೇಕೆಂದು ಎಲ್ಲಿಗೆ ಎಂದು ಕೇಳುವುದಿತ್ತು. ಬೈಯುತ್ತ ಬಂದು ಕೂರುತ್ತಿದ್ದರು. ಅಷ್ಟರಲ್ಲಿ ದೋಣಿಯವರೂ ಮನಸ್ಸು ಬದಲಿಸುತ್ತಿದ್ದರು. ಅಂದು ನಾನು ಕೇಳಲಿಲ್ಲ. ಮಂಜಿಯ ಮಾತು ಕಿವಿಯಲ್ಲಿತ್ತು.

ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಇಬ್ಬರು ಈಜಿ ಬಂದರು. ಇವರು ಬರಲಿಲ್ಲ.

ಫಕೀರಪ್ಪ ಈಗಲೂ ವರ್ಷಕ್ಕೊಮ್ಮೆ ಬರುತ್ತಾನೆ. ಬಳಚು ತಿನ್ನುತ್ತಾನೆ, ಚಿಪ್ಪಿನ ಗುಡ್ಡ ಮಾಡುತ್ತಾನೆ. ನೋಗ್ಲಿ ಬಡಿಸಿದರೆ ಎಲೆ ಸರಿಸುತ್ತಾನೆ. "ಅಣ್ಣಾರು ಹಿಡದದ್ದಲ್ರಿ ಅದು" ಎನ್ನುತ್ತಾನೆ. ಈಗ ನಾನೂ ಮೀನು ಮಾರುತ್ತೇನೆ; ಮಂಜಿ ದಿನಾ ನನ್ನ ಬುಟ್ಟಿ ತಲೆಗೆ ಎತ್ತಿಕೊಡುತ್ತಾಳೆ.

ಅದಕ್ಕೂ ಮೊದಲು, ಎದ್ದ ಕೂಡಲೇ, ಬೂದಿ ಹಾಕಿ ಚೊಂಬು ತಿಕ್ಕುತ್ತೇನೆ. ನೀರು ತುಂಬಿ ಜಗಲಿಯ ಮೇಲೆ ಇಡುತ್ತೇನೆ.